ಟಿಪ್ಸ್ ಬೇಡವೆಂದ ಊರು

ಇಂಗಿನ ಹೊಸ ಡಬ್ಬಿ ತೆರೆದಾಗ ಬೇರೆಯವರಿಗೆ ಅಜ್ಜಿಯ ಸಾರು ನೆನಪಾಗಬಹುದು, ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಜಪಾನು. ಹೋದ ವಾರ ಗೋವಿಂದರಾಜನಗರದ ನಮ್ಮ ಖಾನಾವಳಿಯ ಒಲೆಯ ಮುಂದೆ ನಿಂತು ಡಬ್ಬಿಯ ಮುಚ್ಚಳವನ್ನು ಚಾಕುವಿನ ತುದಿಯಿಂದ ಎಬ್ಬಿಸಿದೆ. ಘಾಟು ಮೂಗಿಗೆ ಬಡಿದದ್ದೇ ತಡ, ಚಳಿಯ ಬೆಳಗಿನ ಒಂದು ಸಣ್ಣ ಬೀದಿ, ಅಲ್ಲಿ ಸಾಲಾಗಿ ನಡುಗುತ್ತ ನಿಂತ ಚಂದ್ರಾ ಲೇಔಟಿನ ಹದಿನಾಲ್ಕು ಮಂದಿ ಹಿರಿಯರು ಕಣ್ಣಿಗೆ ಕಟ್ಟಿದರು. ನನಗೆ ನಗು ಬಂತು.

"ಒಬ್ಬಾಕಿನ ಯಾಕ ನಗಾಕತ್ತಿ ಅಕ್ಕಾ?" ಎಂದಳು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಶಾವಂತ್ರೆವ್ವ.

ಹೇಳಲು ಕುಳಿತಿದ್ದರೆ ಮಧ್ಯಾಹ್ನದ ಗಿರಾಕಿಗಳಿಗೆ ರೊಟ್ಟಿ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮಹಾದೇವಿ. ಬಾಗಲಕೋಟೆ ಕಡೆಯವಳು. ಬಿ.ಎ. ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಬಂದೆ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ರೊಟ್ಟಿ ಮಾಡಿ ಮಾರತೊಡಗಿದ್ದು ಬೆಳೆದು ಆರು ಟೇಬಲ್ಲಿನ ಖಾನಾವಳಿ ಆಯಿತು. ಉಣ್ಣಲು ಬರುವವರು ಹೆಚ್ಚಾಗಿ ನಮ್ಮ ಕಡೆಯ ಡೆಲಿವರಿ ಹುಡುಗರು, ಪರೀಕ್ಷೆಗೆ ಓದುವವರು, ಕಟ್ಟಡದ ಕೆಲಸದವರು. ಅವರ ನಡುವೆ ಬಿಳಿ ಪಂಚೆಯಲ್ಲಿ ಬಂದು ಕೂರುತ್ತಿದ್ದ ಒಬ್ಬರೇ ಒಬ್ಬ ಹಳೆ ಮೈಸೂರಿನವರು ಹೊನ್ನೇಗೌಡರು. ಖಾನಾವಳಿ ಇರುವ ಕಟ್ಟಡ ಅವರದ್ದೇ. ಅವರ ತಂದೆಯ ರಾಗಿ ಹೊಲದ ಮೇಲೆ ಈಗ ಮೂರು ರಸ್ತೆಗಳಿವೆ.

ಗೌಡರಿಗೆ ಎಪ್ಪತ್ತು ದಾಟಿತ್ತು. ಅವರಿಗಿದ್ದ ಒಂದೇ ಚಟ ಟಿಪ್ಸ್ ಕೊಡುವುದು. ಊಟ ಬಡಿಸಿದವರಿಗೆ, ಆಟೊದವರಿಗೆ, ದೇವಸ್ಥಾನದಲ್ಲಿ ಚಪ್ಪಲಿ ಕಾಯುವವರಿಗೆ, ಲಿಫ್ಟಿನಲ್ಲಿ ಗುಂಡಿ ಒತ್ತಿದವರಿಗೆ, ಕಡೆಗೆ ಸೂಜಿ ಚುಚ್ಚಿದ ನರ್ಸಮ್ಮನಿಗೂ. ಜೇಬಿನಿಂದ ನೋಟು ಹೊರಬರುವಾಗ ಅವರ ಮುಖ ಹಬ್ಬದ ದಿನದ ಮುಖದಂತೆ ಇರುತ್ತಿತ್ತು.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲ. ಗೌಡರು ಮಧ್ಯಾಹ್ನ ಬಂದು ಕುಳಿತವರು ಊಟ ಹೇಳಲಿಲ್ಲ.

"ಮಾದೇವಿ, ಪಾಸ್‌ಪೋರ್ಟ್ ಐತೇನಮ್ಮ?"

ಬಾಡಿಗೆ ಕರಾರಿಗೆ ಹೊಸ ಕಾಗದ ಕೇಳುತ್ತಿದ್ದಾರೆ ಅಂದುಕೊಂಡೆ. "ಇಲ್ರೀ. ಆಧಾರ್ ಕಾರ್ಡ್ ಐತ್ರಿ."

"ಮಾಡ್ಸು. ಏಪ್ರಿಲ್‌ನಾಗೆ ಜಪಾನ್‌ಗೆ ಹೋಗೋದೈತೆ."

ವಿಷಯ ಇಷ್ಟು. ಗೌಡರ ಹೆಂಡತಿ ಜಯಮ್ಮನವರಿಗೆ ಜಪಾನಿನ ಚೆರ್ರಿ ಹೂವನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಟಿವಿಯಲ್ಲಿ ನೋಡಿ ಹುಟ್ಟಿದ ಆಸೆ, ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಮಂಚದಲ್ಲಿದ್ದಾಗ ಹಟವಾಗಿತ್ತು. ಪಾರ್ಕಿನ ವಾಕಿಂಗ್ ಗೆಳೆಯರೂ ಹೊರಟರು, ಒಟ್ಟು ಹದಿನಾಲ್ಕು ಜನ. ಆದರೆ ಗೌಡರಿಗೆ ದಿನಕ್ಕೊಂದು ಹೊತ್ತಾದರೂ ಮುದ್ದೆ, ಬಿಸಿ ಸಾರು ಬೇಕು. ಜಯಮ್ಮ ಗಂಡನ ಎದುರಿಗೇ ಕಡ್ಡಿ ಮುರಿದಂತೆ ಹೇಳಿದ್ದರು: "ನಲವತ್ತೈದು ವರ್ಷ ಮುದ್ದೆ ತಿರುವಿದೀನಿ. ಅಲ್ಲಿಗೂ ಬಂದು ತಿರುವೋದಾದ್ರೆ ನಾನು ಬರಲ್ಲ. ಅಡುಗೆಯೋರು ಬಂದ್ರೆ ಬರ್ತೀನಿ."

ಹೀಗೆ ಜೋಳದ ರೊಟ್ಟಿಯವಳಾದ ನಾನು, ಜಯಮ್ಮನವರಿಂದಲೇ ಮುದ್ದೆ ತಿರುವುವುದನ್ನು ಕಲಿತು, ಅವರು ಮುದ್ದೆ ತಿರುವಬಾರದೆಂಬ ಕಾರಣಕ್ಕೆ ಜಪಾನಿಗೆ ಹೊರಟೆ. ಖಾನಾವಳಿಯನ್ನು ಶಾವಂತ್ರೆವ್ವನಿಗೆ ಒಪ್ಪಿಸಿದೆ.

ಮಾರ್ಚ್ ತಿಂಗಳೆಲ್ಲ ತಯಾರಿ. ಬಿಸಿಲಿಗೆ ಟಾರು ಮೆತ್ತಗಾಗುತ್ತಿತ್ತು, ನಾನು ಗಿರಣಿಯಿಂದ ರಾಗಿ ಹಿಟ್ಟು ಹೊತ್ತು ತರುತ್ತಿದ್ದೆ, ಸಾರಿನ ಪುಡಿ ಹುರಿಯುತ್ತಿದ್ದೆ. ಭಾನುವಾರ ಸಂಜೆ ಜಯಮ್ಮನವರ ಹಾಲಿನಲ್ಲಿ ಭಾಷೆಯ ಕ್ಲಾಸು. ನಮ್ಮನ್ನು ಕರೆದೊಯ್ಯುವ ರೇಖಾ ಎಂಬುವರು ಹತ್ತು ಜಪಾನಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಹಂಚಿದ್ದರು. ಕ್ಷಮಿಸಿ ಅನ್ನಲು 'ಸುಮಿಮಾಸೆನ್'. ಜಯಮ್ಮ ಅದನ್ನು "ಸುಮಿ ನನ್ನ ತಂಗಿ ಮಗಳು, ಮಾಸ ಅಂದ್ರೆ ತಿಂಗಳು" ಎಂದು ನೆನಪಿಟ್ಟುಕೊಂಡರು. ಗೌಡರ ಬಾಯಲ್ಲಿ ಅದು ಕೊನೆಯವರೆಗೂ 'ಸುಮ್ನೆ ಮಾಸೆ' ಆಗಿಯೇ ಉಳಿಯಿತು.

ಕೊನೆಯ ಕ್ಲಾಸಿನಲ್ಲಿ ರೇಖಾ ಪೆನ್ನು ಕೆಳಗಿಟ್ಟು ಗೌಡರ ಕಡೆ ತಿರುಗಿದರು. "ಅಂಕಲ್, ಇದು ತುಂಬಾ ಇಂಪಾರ್ಟೆಂಟ್. ಅಲ್ಲಿ ಯಾರಿಗೂ ಟಿಪ್ಸ್ ಕೊಡಬಾರದು. ಕೊಟ್ರೆ ಅವರಿಗೆ ಇನ್ಸಲ್ಟ್ ಆಗತ್ತೆ."

"ದುಡ್ಡು ಕೊಟ್ರೆ ಇನ್ಸಲ್ಟಾ?" ಗೌಡರು ಸುತ್ತ ನೋಡಿದರು. "ಹಂಗಾದ್ರೆ ವಿಜಯನಗರದಾಗೆ ಅರ್ಧ ಜನಕ್ಕೆ ನಾನು ಇನ್ಸಲ್ಟ್ ಮಾಡಿವ್ನಿ. ಒಬ್ರೂ ಬೇಜಾರು ಮಾಡ್ಕೊಂಡಿಲ್ಲ."

ಎಲ್ಲರೂ ನಕ್ಕರು. ರೇಖಾ ನಗಲಿಲ್ಲ.

ಟೋಕಿಯೋದಲ್ಲಿ ಮೂರು ದಿನ ಇದ್ದೆವು. ಅಲ್ಲಿಯ ದೊಡ್ಡ ಹೋಟೆಲಿನಲ್ಲಿ ಒಲೆ ಹಚ್ಚುವಂತಿರಲಿಲ್ಲ. ರೂಮಿನಲ್ಲಿ ಕುದಿಸಿದ ನೀರು, ಚಟ್ನಿಪುಡಿ, ಮನೆಯಿಂದ ತಂದ ಚಪಾತಿಯಲ್ಲೇ ಕಳೆದೆವು. ಊರು ಹೇಗಿತ್ತೆಂದು ಕೇಳಿದರೆ ನನಗೆ ಸರಿಯಾಗಿ ಹೇಳಲಾಗದು. ನಾನು ನೋಡಿದ್ದು ಬಹುಪಾಲು ಗೌಡರು ದುಡ್ಡು ಕೊಡುವುದನ್ನು, ಜನ ಅದನ್ನು ವಾಪಸು ತಂದುಕೊಡುವುದನ್ನು.

ಮೊದಲನೆಯ ದಿನ ಟ್ಯಾಕ್ಸಿಯವನು. ಬಿಳಿ ಕೈಗವಸು ಹಾಕಿದ್ದ. ಗೌಡರು "ಇಟ್ಕೊಳಪ್ಪ" ಎಂದು ಚಿಲ್ಲರೆ ಬಿಟ್ಟು ಇಳಿದರೆ ಅವನೂ ಇಳಿದು ಬಂದು, ಎರಡೂ ಕೈಯಲ್ಲಿ ಚಿಲ್ಲರೆ ಹಿಡಿದು ಬಗ್ಗಿ ನಿಂತ. ಎರಡನೆಯ ದಿನ ಹಣ್ಣಿನ ರಸ ಕುಡಿದ ಅಂಗಡಿಯಲ್ಲಿ ಟೇಬಲ್ಲಿನ ಮೇಲೆ ನೋಟು ಬಿಟ್ಟು ಬಂದರು. ಅಂಗಡಿಯ ಹೆಂಗಸು ಏಪ್ರನ್ನಿನಲ್ಲೇ ಎರಡು ಸಿಗ್ನಲ್ ದಾಟಿ ಓಡಿಬಂದಳು. ಅವಳು ಓಡುವುದನ್ನು ನೋಡಿ ನಮ್ಮ ಗುಂಪಿನ ಕೆಲವರು ಏನೋ ತಪ್ಪಾಗಿದೆಯೆಂದು ತಾವೂ ಓಡಿದರು. ಮೂರನೆಯ ದಿನ ಗೌಡರು ಜಾಣತನ ಮಾಡಿದರು. ರೂಮು ಗುಡಿಸುವವರಿಗೆಂದು ದಿಂಬಿನ ಕೆಳಗೆ ನೋಟು ಇಟ್ಟು ಹೊರಟರು. ಸಂಜೆ ಬರುವಷ್ಟರಲ್ಲಿ ಅದು ಕೌಂಟರಿನಲ್ಲಿ ಕಾಯುತ್ತಿತ್ತು. ಮರೆತುಹೋದ ಸಾಮಾನು ಎಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದ್ದರು. ತನ್ನ ದುಡ್ಡನ್ನು ತಾನೇ ಪಡೆದೆನೆಂದು ಗೌಡರು ಸಹಿ ಹಾಕಬೇಕಾಯಿತು.

ಮರುದಿನ ರೈಲಿಗಾಗಿ ಕಾಯುವಾಗ ಅವರು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ಮುಖ ಸಣ್ಣಗಾಗಿತ್ತು.

"ಮೈ ಹುಷಾರಿಲ್ಲೇನ್ರಿ ಗೌಡ್ರ?"

"ಚೆನ್ನಾಗಿವ್ನಿ." ಎಂದವರು ತಾವೇ ಮಾತು ಮುಂದುವರಿಸಿದರು. "ನಾನು ಹುಡುಗ್ನಾಗಿದ್ದಾಗ ಹಾಲು ಹಾಕಕ್ಕೆ ಹೋಗ್ತಿದ್ದೆ ಕಣಮ್ಮ. ಹೊಸ ಬಡಾವಣೆ ಮನೆಗಳ್ಗೆ. ದೀಪಾವಳಿ ಬಂತು ಅಂದ್ರೆ ಇನಾಮು ಕೊಡ್ತಾರೆ ಅಂತ ಬಾಗ್ಲಲ್ಲಿ ಒಂದು ಗಳಿಗೆ ಹೆಚ್ಗೆ ನಿಲ್ತಿದ್ದೆ. ಸುಮಾರು ಜನ ಹಾಲು ಈಸ್ಕೊಂಡು ಬಾಗ್ಲು ಹಾಕೋರು. ಒಬ್ಬಮ್ಮ ಮಾತ್ರ ಕರೆದು ಕೊಡ್ತಿತ್ತು. ಆಗ್ಲೇ ಅಂದ್ಕೊಂಡೆ, ನನ್ಕೈಲಿ ಆದ್ರೆ ಯಾರ್ನೂ ಬಾಗ್ಲಲ್ಲಿ ಬರಿಗೈಲಿ ನಿಲ್ಲಿಸಬಾರ್ದು ಅಂತ." ಅವರು ತಮ್ಮ ಅಂಗೈ ನೋಡಿಕೊಂಡರು. "ಇಲ್ಲಿ ನೋಡಿದ್ರೆ ನಾನೇ ಬಾಗ್ಲಲ್ಲಿ ನಿಂತಂಗೈತೆ."

ಆವರೆಗೆ ಅವರ ಟಿಪ್ಸನ್ನು ದೊಡ್ಡಸ್ತಿಕೆ ಎಂದುಕೊಂಡು ಒಳಗೊಳಗೇ ನಗುತ್ತಿದ್ದವಳು ನಾನು.

ರೈಲು ನಮ್ಮನ್ನು ಬೆಟ್ಟಗಳ ನಡುವಿನ ಒಂದು ಸಣ್ಣ ಊರಿಗೆ ತಂದಿಳಿಸಿತು. ಅಲ್ಲಿ ಚಳಿ ಹೆಚ್ಚು, ಹೂವು ತಡವಾಗಿ ಬಿಡುತ್ತದಂತೆ. ಇನ್ನೆರಡು ಮೂರು ದಿನದಲ್ಲಿ ಊರ ಹಿಂದಿನ ಗುಡ್ಡವೆಲ್ಲ ಅರಳುತ್ತದೆಂದು ರೇಖಾ ಹೇಳಿದರು. ನಾವು ಉಳಿದುಕೊಂಡದ್ದು ಮರದ ಗೋಡೆ, ಕಾಗದದ ಬಾಗಿಲಿನ ಹಳೆಯ ವಸತಿಗೃಹದಲ್ಲಿ. ಬೆಳಿಗ್ಗೆ ಐದರಿಂದ ಏಳರವರೆಗೆ ಅಲ್ಲಿಯ ಅಡುಗೆಮನೆಯನ್ನು ನನಗೆ ಬಿಟ್ಟುಕೊಡಲು ರೇಖಾ ಬಹಳ ಪತ್ರ ಬರೆದು ಒಪ್ಪಿಸಿದ್ದರು.

ಬಾಗಿಲಲ್ಲಿ ಒಬ್ಬ ಸಣಕಲು ಮುದುಕಿ ಮಂಡಿಯೂರಿ ಕುಳಿತು ನಮ್ಮನ್ನು ಬರಮಾಡಿಕೊಂಡಳು. ನಮ್ಮ ಬೂಟುಗಳನ್ನು ಒಂದೊಂದಾಗಿ ತಿರುಗಿಸಿ ಜೋಡಿಸಿದಳು, ಚೀಲ ಎತ್ತಿಕೊಂಡಳು, ಊಟದ ಕೋಣೆಯ ಕಡೆ ಕೈ ಚಾಚಿ "ದೋಜೊ, ದೋಜೊ" ಎಂದಳು.

ಜಯಮ್ಮ ನನ್ನ ಕಿವಿಯಲ್ಲಿ, "ದೋಸೆ ಅಂತಾ ಇದಾರೆ ಕಣೇ. ನಮಗೋಸ್ಕರ ಕಲಿತಿರಬೇಕು" ಎಂದು ಖುಷಿಯಿಂದ ಒಳಗೆ ಹೋಗಿ ಕುಳಿತರು. ದೋಜೊ ಅಂದರೆ ದಯಮಾಡಿಸಿ ಎಂದು ರೇಖಾ ಹೇಳುವವರೆಗೆ ದೋಸೆಗೆ ಕಾದರು.

ಅಷ್ಟರಲ್ಲಿ ಬಾಗಿಲಲ್ಲಿ ಅನಾಹುತ ಆಗಿಹೋಗಿತ್ತು. ಗೌಡರಿಗೆ ತಡೆಯಲಾಗಲಿಲ್ಲ. ವಯಸ್ಸಾದ ಹೆಂಗಸು ತಮ್ಮ ಬೂಟು ಮುಟ್ಟಿದ್ದಾಳೆ, ಚೀಲ ಹೊತ್ತಿದ್ದಾಳೆ. ನೋಟು ತೆಗೆದು ಅವಳ ಕೈಗೆ ತುರುಕಿದರು. ಮುದುಕಿಯ ಮುಖ ಕೆಂಪಾಯಿತು. ನೋಟನ್ನು ಚಾಪೆಯ ಮೇಲಿಟ್ಟು, ಹಣೆ ನೆಲಕ್ಕೆ ಮುಟ್ಟುವಷ್ಟು ಬಗ್ಗಿ, ಹಿಂದೆ ಹಿಂದೆ ಸರಿದು ಮಾಯವಾದಳು.

ರೇಖಾ ತಲೆ ಮೇಲೆ ಕೈ ಹೊತ್ತರು. "ಅಂಕಲ್, ಅವರು ಮೊರಿಟಾ ಸಾನ್. ಸಾನ್ ಅಂದ್ರೆ ನಮ್ಮ 'ಅವರೇ' ಅನ್ನೋ ಥರ ಮರ್ಯಾದೆ. ಈ ಜಾಗದ ಓನರ್."

ಜಯಮ್ಮ ಗಂಡನಿಗೆ ಹೇಳಿದರು: "ನಿಮ್ಮ ಬಿಲ್ಡಿಂಗ್ ಗೇಟು ನೀವೇ ತೆಗೆದಾಗ ಬಾಡಿಗೆಯೋರು ಹತ್ತು ರೂಪಾಯಿ ಕೈಗಿಟ್ರೆ ಹೆಂಗಿರತ್ತೆ, ಯೋಚನೆ ಮಾಡಿ."

ಗೌಡರು ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಐದಕ್ಕೆ ನಾನು ಅಡುಗೆಮನೆಗೆ ಹೋದೆ. ಮೊರಿಟಾ ಸಾನ್ ನನಗೆ ಒಲೆ ತೋರಿಸಿ ಮೂಲೆಯ ಸ್ಟೂಲಿನಲ್ಲಿ ಕುಳಿತಳು. ಮುಖದಲ್ಲಿ ನಗುವಿರಲಿಲ್ಲ. "ಅನೋ..." ಎಂದು ಏನೋ ಹೇಳಲು ಬಾಯಿ ತೆರೆದಳು. ಅನ್ನ ಕೇಳುತ್ತಿದ್ದಾಳೆಂದು ನಾನು ಅನ್ನದ ಪಾತ್ರೆ ಮುಂದೆ ಸರಿಸಿದೆ. ಅದು ನಮ್ಮ 'ಅದೂ...' ಎಂಬಂಥ ರಾಗ ಎಂದು ಆಮೇಲೆ ತಿಳಿಯಿತು. ಹಸಿದ ಗೌಡರಿಗೆ ಇವತ್ತು ಒಳ್ಳೆಯ ಸಾರು ಕೊಡಬೇಕೆಂದು ನಾನು ಊರಿನಿಂದ ತಂದ ದೊಡ್ಡ ಇಂಗಿನ ಡಬ್ಬಿ ಒಡೆದೆ. ಹದಿನಾಲ್ಕು ಜನರ ಸಾರಿಗೆ ಒಗ್ಗರಣೆ. ಕಾದ ಎಣ್ಣೆಗೆ ಕೈತುಂಬ ಇಂಗು ಬಿತ್ತು.

ಮೊರಿಟಾ ಸಾನ್ ಸ್ಟೂಲಿನಿಂದ ಎದ್ದು ನಿಂತಳು. ಮೂಗು ಅರಳಿಸಿದಳು. ನಾನು ಮೆಚ್ಚುಗೆ ಎಂದುಕೊಂಡೆ. ಕಾಗದದ ಬಾಗಿಲುಗಳು ವಾಸನೆಯನ್ನು ತಡೆಯುವುದಿಲ್ಲ. ಎರಡು ನಿಮಿಷದಲ್ಲಿ ಮಹಡಿಯ ಮೇಲೆ ಯಾರೋ ಕೂಗಿದರು, ಯಾರೋ ಫೋನ್ ಮಾಡಿದರು. ಮೊರಿಟಾ ಸಾನ್ ಓಡಿಬಂದು ಒಲೆ ಆರಿಸಿ, ನನ್ನ ತೋಳು ಹಿಡಿದು ಹೊರಗೆಳೆದಳು. ಇಡೀ ಮನೆಯೇ ಬೀದಿಗೆ ಬಂತು. ಗ್ಯಾಸ್ ಸೋರುತ್ತಿದೆ ಎಂದು ಎಲ್ಲರೂ ತಿಳಿದಿದ್ದರು.

ಆ ಬೀದಿಯ ನೋಟವೇ ನನಗೆ ಇಂಗಿನ ಜೊತೆ ಅಂಟಿಕೊಂಡಿರುವುದು. ನಮ್ಮವರೆಲ್ಲ ವಸತಿಗೃಹದವರು ಕೊಟ್ಟ ನೀಲಿ ನಿಲುವಂಗಿಯಲ್ಲಿ, ತಲೆಗೆ ಮಂಕಿ ಕ್ಯಾಪ್. ಗೌಡರು ನಿಲುವಂಗಿಯನ್ನು ಪಂಚೆಯಂತೆ ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ್ದರು. ಅಕ್ಕಪಕ್ಕದ ಮನೆಯವರೂ ಹೊರಗೆ ಬಂದು ನಿಂತರು. ಹತ್ತು ನಿಮಿಷದಲ್ಲಿ ಹೆಲ್ಮೆಟ್ ಹಾಕಿಕೊಂಡ ಇಬ್ಬರು ಗ್ಯಾಸಿನವರು ಒಂದು ಯಂತ್ರ ಹಿಡಿದು ಬಂದರು.

ರೇಖಾ ಮಹಡಿಯಲ್ಲಿ ಯಾರಾದರೂ ಉಳಿದಿದ್ದಾರೋ ಎಂದು ಲೆಕ್ಕ ಹಾಕುವ ಗಡಿಬಿಡಿಯಲ್ಲಿದ್ದರು. ತಪ್ಪು ನನ್ನದೆಂದು ನನಗೆ ಹೊಳೆದಿತ್ತು. ಫೋನಿನಲ್ಲಿ ಭಾಷಾಂತರದ ಆ್ಯಪ್ ಇತ್ತು. "ಗ್ಯಾಸ್ ಅಲ್ರೀ ಯಪ್ಪಾ, ಇಂಗ ಐತ್ರಿ" ಎಂದೆ. ನನ್ನ ಬಾಯಿಯ ಕನ್ನಡ ಅದಕ್ಕೆ ತಿಳಿಯದು. ಮತ್ತೆ ಹೇಳಿ ಎಂದಿತು. ಬಿ.ಎ. ಓದಿದ್ದು ಉಪಯೋಗಕ್ಕೆ ಬರಲಿ ಎಂದು ಉಸಿರು ಎಳೆದುಕೊಂಡು ಗ್ರಾಂಥಿಕವಾಗಿ ಹೇಳಿದೆ: "ಇದು ಇಂಗು. ಇದು ಗ್ಯಾಸಿಗೆ ಬಹಳ ಒಳ್ಳೆಯದು. ಇದರಿಂದ ಒಳಗಿರುವ ಗ್ಯಾಸ್ ಹೊರಗೆ ಹೋಗುತ್ತದೆ."

ಫೋನು ಅದನ್ನು ಜಪಾನಿಯಲ್ಲಿ ಗಟ್ಟಿಯಾಗಿ ಹೇಳಿತು. ಗ್ಯಾಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಲ್ಲರೂ ಇನ್ನೂ ಐವತ್ತು ಹೆಜ್ಜೆ ಹಿಂದೆ ಹೋಗಬೇಕೆಂದು ಕೈ ಬೀಸಿದರು. ಒಳಗಿನ ಗ್ಯಾಸ್ ಹೊರಗೆ ಹೋಗುತ್ತಿದೆ, ಬಹಳ ಒಳ್ಳೆಯ ಗ್ಯಾಸ್ ಎಂದು ಫೋನು ಹೇಳಿತ್ತೆಂದು ರೇಖಾ ಆಮೇಲೆ ವಿವರಿಸಿದರು. ಇಂಗು ತಿಂದ ಮಂಗನ ಹಾಗೆ ಎಂದು ನಾವು ಅನ್ನುತ್ತೇವಲ್ಲ, ನಾನು ತಿನ್ನದೆಯೇ ಹಾಗೆ ನಿಂತಿದ್ದೆ.

ಕೊನೆಗೆ ಬಿಡಿಸಿದವರು ಗೌಡರು. ನನ್ನ ಕೈಯಲ್ಲೇ ಉಳಿದಿದ್ದ ಡಬ್ಬಿಯನ್ನು ಕಿತ್ತುಕೊಂಡು, ನಿಲುವಂಗಿ ಎತ್ತಿ ಹಿಡಿದು, ನೇರವಾಗಿ ಹಿರಿಯ ಗ್ಯಾಸಿನವನ ಬಳಿ ನಡೆದು, ಅವನ ಮೂಗಿನ ಕೆಳಗೆ ಹಿಡಿದರು.

"ಸುಮ್ನೆ ಮಾಸೆ. ಮೂಸು ನೋಡಪ್ಪ."

ಅವನು ಮೂಸಿದ. ಮೂರು ಸಲ ಸೀನಿದ. ಯಂತ್ರವನ್ನು ಡಬ್ಬಿಗೆ ಹಿಡಿದ, ಅದು ಸುಮ್ಮನಿತ್ತು. ಒಳಗೆ ಹೋಗಿ ಅಡುಗೆಮನೆಯೆಲ್ಲ ಹಿಡಿದು ಬಂದ, ಆಗಲೂ ಸುಮ್ಮನಿತ್ತು. "ಆಆಆ" ಎಂದು ಉದ್ದವಾಗಿ ಹೇಳಿ ಬಗ್ಗಿದ. ಗೌಡರೂ ಬಗ್ಗಿದರು. ಏಳುವಾಗ ಅವರ ಕೈ ತಂತಾನೇ ಜೇಬು ಹುಡುಕಿತು. ನಿಲುವಂಗಿಗೆ ಜೇಬಿರಲಿಲ್ಲ. ಜಯಮ್ಮ ಮುನ್ನೆಚ್ಚರಿಕೆಯಾಗಿ ತೋಳನ್ನೂ ಹಿಡಿದುಕೊಂಡರು.

ಗ್ಯಾಸಿನವರು ಹೋದರು, ಆದರೆ ವಿಷಯ ಮುಗಿಯಲಿಲ್ಲ. ರೇಖಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬೇರೆ ಗೆಸ್ಟ್ಸ್ ಕಂಪ್ಲೇಂಟ್ ಮಾಡಿದಾರೆ. ನೆನ್ನೆ ಆ ದುಡ್ಡಿನ ವಿಷಯ ಬೇರೆ. ಕಿಚನ್ ಇಲ್ಲ ಅಂದ್ರೆ ನಾವು ಇವತ್ತೇ ಟೋಕಿಯೋಗೆ ವಾಪಸ್ ಹೋಗಬೇಕಾಗತ್ತೆ, ಅಂಕಲ್ ಊಟ ಇಲ್ಲದೆ ಇರಲ್ಲ."

ಜಯಮ್ಮನವರಿಗೆ ಇದು ಕೇಳಿಸಿತು. ಅವರು ಗುಡ್ಡದ ಕಡೆ ನೋಡಿದರು. ಅಲ್ಲಿ ಮೊಗ್ಗು ಇನ್ನೂ ಬಿರಿದಿರಲಿಲ್ಲ. "ಹೋಗ್ಲಿ ಬಿಡಿ," ಎಂದರು ಮೆಲ್ಲಗೆ. "ಟಿವಿಲಿ ನೋಡಿದೀನಲ್ಲ." ನನಗೆ ಬೈದಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮೊರಿಟಾ ಸಾನ್ ಬೀದಿಯಲ್ಲಿದ್ದಳು. ಒಂದೊಂದೇ ಮನೆಯ ಬಾಗಿಲು ತಟ್ಟಿ, ಅವರು ಬಂದಾಗ ಸೊಂಟದವರೆಗೆ ಬಗ್ಗಿ, ಏನೋ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. ತಪ್ಪು ನನ್ನದು, ಬಗ್ಗುತ್ತಿರುವುದು ಅವಳು. ನಾನು ಸೆರಗು ಸರಿಮಾಡಿಕೊಂಡು ಹೊರಗೆ ಓಡಿದೆ. ಮೂರನೆಯ ಮನೆಯ ಹೊತ್ತಿಗೆ ಅವಳ ಪಕ್ಕದಲ್ಲಿದ್ದೆ. ಅವಳು ಬಗ್ಗಿದಾಗ ನಾನೂ ಬಗ್ಗಿದೆ. "ಸುಮಿಮಾಸೆನ್" ಎಂದೆ. ಆ ಒಂದು ಮಾತಾದರೂ ನನಗೆ ಸರಿಯಾಗಿ ಬರುತ್ತಿತ್ತು.

ಒಂದು ಮನೆಯ ಮುದುಕ ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದ. ಮೊರಿಟಾ ಸಾನ್ "ಕರೇ, ಕರೇ" ಎಂದಳು. ನಮ್ಮ ಕಡೆ ಖರೇ ಅಂದರೆ ನಿಜ. ನನಗೆ ಜೀವ ಬಂದಂತಾಯಿತು. "ಖರೇನ ರೀ, ಖರೇನ," ಎಂದು ಜೋರಾಗಿ ತಲೆಯಾಡಿಸಿದೆ. ಮುದುಕ ನಗತೊಡಗಿದ. ಮೊರಿಟಾ ಸಾನ್ ತಿರುಗಿ ನನ್ನನ್ನು ನೋಡಿದಳು, ಅವಳಿಗೂ ನಗು ಬಂತು. ಅವರ ಭಾಷೆಯಲ್ಲಿ ಕರೇ ಅಂದರೆ ನಮ್ಮ ಸಾರಿನಂಥದಕ್ಕೆ ಹೆಸರಂತೆ. ಉಳಿದ ಮನೆಗಳಲ್ಲಿ ನಾವಿಬ್ಬರೂ ನಗು ತಡೆದುಕೊಂಡೇ ಬಗ್ಗಿದೆವು.

ಮರಳಿ ಬಂದು ಅವಳು ಟೀ ಮಾಡಿ ನನ್ನ ಮುಂದಿಟ್ಟಳು. ನಾನು ಫೋನನ್ನು ನಡುವೆ ಇಟ್ಟು, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಕೇಳಿದೆ: "ನಿನ್ನೆ ನಮ್ಮ ಹಿರಿಯರು ಹಣ ಕೊಟ್ಟರು. ಅವರು ಒಳ್ಳೆಯ ಮನಸ್ಸಿನಿಂದ ಕೊಟ್ಟರು. ನಿಮಗೆ ಏಕೆ ನೋವಾಯಿತು?"

ಅವಳು ಫೋನಿನ ಕಡೆ ಬಗ್ಗಿ ಉತ್ತರ ಹೇಳಿದಳು. ಫೋನು ಕನ್ನಡದಲ್ಲಿ ಹೇಳಿತು: "ಹಣ ಬೆತ್ತಲೆಯಾಗಿತ್ತು."

ನಾನು ಮತ್ತೆ ಒತ್ತಿದೆ. ಮತ್ತೆ ಅದೇ. "ಹಣ ಬೆತ್ತಲೆಯಾಗಿತ್ತು. ಅದಕ್ಕೆ ಬಟ್ಟೆ ಇರಲಿಲ್ಲ. ನನಗೆ ನಾಚಿಕೆಯಾಯಿತು." ಅವಳು ಕೈಯಲ್ಲಿ ಚೌಕಾಕಾರ ಮಾಡಿ, ಅದರೊಳಗೆ ಏನನ್ನೋ ಇಟ್ಟು, ಮಡಚಿ, ಎರಡು ಕೈಯಲ್ಲಿ ಕೊಡುವ ಹಾಗೆ ತೋರಿಸಿದಳು.

ನಾನು ಟೀ ಅಲ್ಲೇ ಬಿಟ್ಟು ಮಹಡಿಗೆ ಓಡಿದೆ. "ಜಯಮ್ಮಾರ, ಮುಯ್ಯಿ ಕವರ್ ಅದಾವೇನ್ರಿ?"

ಇದ್ದವು. ವಿಮಾನ ಹತ್ತುವ ಮುಂಚಿನ ದಿನ ಯಾವುದೋ ಮದುವೆಗೆ ಹೋಗಿದ್ದರು. ಬ್ಯಾಗಿನಲ್ಲಿ ಇನ್ನೂ ನಾಲ್ಕು ಕವರು ಉಳಿದಿದ್ದವು. ಕೆಂಪು ಬಣ್ಣ, ಮೇಲೆ ಬಂಗಾರದ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ಗೌಡರಿಗೆ ವಿಷಯ ಹೇಳಿದೆ.

"ಕವರ್ ಇರ್ಲಿಲ್ಲ ಅಂತಾನಾ?" ಅವರು ಎದ್ದೇ ಕುಳಿತರು. "ಅಯ್ಯೋ, ಮದ್ವೆ ಮನೇಲಿ ನಾನೂ ಬರೀ ನೋಟು ಕೊಡಲ್ವಲ್ಲ. ಮೊದ್ಲೇ ಹೇಳ್ಬಾರ್ದಾ."

ಅವರು ಪಂಚೆ, ಶಲ್ಯ ಹಾಕಿಕೊಂಡು ಇಳಿದುಬಂದರು. ಜಯಮ್ಮ ಕುಂಕುಮದ ಡಬ್ಬಿ ಹಿಡಿದಿದ್ದರು. ಮೊರಿಟಾ ಸಾನ್ ಎದುರು ಗೌಡರು ಚಾಪೆಯ ಮೇಲೆ ಕಷ್ಟಪಟ್ಟು ಮಂಡಿಯೂರಿ ಕುಳಿತು, ಎರಡೂ ಕೈಯಲ್ಲಿ ಕವರು ಚಾಚಿ, ಫೋನಿಗೆ ಹೇಳಿದರು. ಜೀವಮಾನದಲ್ಲಿ ಮೊದಲ ಸಲ ಅವರು ಅಷ್ಟು ಶುದ್ಧವಾಗಿ ಮಾತಾಡಿದ್ದು: "ತಾಯೀ, ಇದು ಕೂಲಿ ಅಲ್ಲ. ನಿಮ್ಮ ಮನೆಗೆ ಬಂದಿದ್ದೇವೆ. ಬರಿಗೈಯಲ್ಲಿ ಬರಬಾರದು."

ಮೊರಿಟಾ ಸಾನ್ ಎರಡು ಸಲ ಬೇಡವೆಂದಳು, ಮೂರನೆಯ ಸಲ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಮ್ಮ ಮದುವೆಮನೆಯಲ್ಲೂ ಲೆಕ್ಕ ಅಷ್ಟೇ. ನಾಣ್ಯ ಯಾಕೆ ಎಂದು ಕೇಳಿದಳು. ಲೆಕ್ಕ ಸರಿಹೋಗಿ ಮುಗಿದುಬಿಡಬಾರದು, ಸಂಬಂಧ ಮುಂದುವರಿಯಲಿ ಎಂದು ಒಂದು ರೂಪಾಯಿ ಹೆಚ್ಚು ಎಂದು ಜಯಮ್ಮ ಹೇಳಿದರು. ಫೋನು ಏನು ಹೇಳಿತೋ, ಅವಳ ಕಣ್ಣು ತುಂಬಿತು. ಅಡುಗೆಮನೆ ನಮಗೆ ಉಳಿಯಿತು. ಹಿತ್ತಲಲ್ಲಿ ಒಲೆ ಇಟ್ಟುಕೊಂಡು ಇಂಗು ಒಗ್ಗರಣೆ ಹಾಕುವುದೆಂಬ ಒಂದೇ ಕರಾರಿನ ಮೇಲೆ.

ಆದರೆ ಮುಯ್ಯಿಗೆ ಮುಯ್ಯಿ ಎಂಬುದು ಜಪಾನಿನಲ್ಲೂ ಇದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಗೌಡರ ಬಾಗಿಲ ಮುಂದೆ ಬಟ್ಟೆಯಲ್ಲಿ ಕಟ್ಟಿದ ಸಿಹಿ ತಿಂಡಿಯ ಪೆಟ್ಟಿಗೆ ಇತ್ತು. ಗೌಡರು ಬಿಡುತ್ತಾರೆಯೇ? ಮಧ್ಯಾಹ್ನ ತಮ್ಮ ಮೈಮೇಲಿನ ಶಲ್ಯವನ್ನೇ ಮಡಚಿ ಕೊಟ್ಟರು. ಸಂಜೆ ಎರಡು ಟೀ ಬಟ್ಟಲು ಬಂದವು. ಜಯಮ್ಮ ಗಂಧದ ಸೋಪು ಕಳಿಸಿದರು. ಬೀಸಣಿಗೆ ಬಂತು. ನನ್ನ ರಾಗಿ ಹಿಟ್ಟಿನ ಒಂದು ಚೀಲ ಹೋಯಿತು. ಉಪ್ಪಿನಕಾಯಿ ಬಂತು, ಉಪ್ಪಿನಕಾಯಿ ಹೋಯಿತು. ಮೂರನೆಯ ದಿನ ಗೌಡರು ಕೈಗಡಿಯಾರ ಬಿಚ್ಚುವುದನ್ನು ಕಂಡು ಜಯಮ್ಮ ಎದ್ದುಬಂದರು.

"ಸಾಕು ಮಾಡಿ. ಹಿಂಗೇ ಆದ್ರೆ ಕೊನೆಗೆ ಚಂದ್ರಾ ಲೇಔಟ್ ಸೈಟೇ ಬರೆದುಕೊಡ್ತೀರಾ, ಆಯಮ್ಮ ಈ ಮನೆ ಬರೆದುಕೊಡ್ತಾಳೆ. ನಾವಿಲ್ಲಿ, ಅವಳಲ್ಲಿ."

ಆ ದಿನವೇ ಗುಡ್ಡ ಅರಳಿತು. ಮೊರಿಟಾ ಸಾನ್ ಜಯಮ್ಮನವರ ಮಂಡಿಗಾಗಿ ಒಂದು ಮಡಚುವ ಕುರ್ಚಿ ಹೊತ್ತು ಜೊತೆಗೆ ಬಂದಳು. ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಜಯಮ್ಮ ಒಂದು ಗಂಟೆ ಮೇಲೆ ನೋಡುತ್ತ ಕುಳಿತಿದ್ದರು. ಮಡಿಲಿಗೆ ಬಿದ್ದ ಎಸಳುಗಳನ್ನು ಕೊಡವಲಿಲ್ಲ. ಕೊನೆಗೆ ನನ್ನನ್ನು ಕರೆದು, "ಇವತ್ತು ಸಾರು ಏನು ಅಂತ ನಾನು ಬೆಳಿಗ್ಗೆಯಿಂದ ಒಂದು ಸಲಾನೂ ಯೋಚನೆ ಮಾಡಿಲ್ಲ ಕಣೇ," ಎಂದರು. ಹೂವಿನ ಬಗ್ಗೆ ಅವರು ಹೇಳಿದ್ದು ಅಷ್ಟೇ.

ಮೇ ತಿಂಗಳ 'ಮಾವಿನ ಮಳೆ' ಬೀಳುವ ಹೊತ್ತಿಗೆ ನಾವು ಬೆಂಗಳೂರಿನಲ್ಲಿದ್ದೆವು. ಬಂದವಳ ತಲೆಯಲ್ಲಿ ಒಂದೇ ಯೋಚನೆ. ಬಗ್ಗಿ ದುಡ್ಡು ವಾಪಸು ಕೊಡುವ ಆ ಜನರ ಮುಖಗಳು ನನ್ನನ್ನು ಬಿಟ್ಟಿರಲಿಲ್ಲ. ನಮ್ಮಲ್ಲಿ ಊಟ ಬಡಿಸುವವರು ಎಂಜಲು ತಟ್ಟೆಯ ಪಕ್ಕದಿಂದ ಒದ್ದೆ ನಾಣ್ಯ ಯಾಕೆ ಹೆಕ್ಕಬೇಕು? ಒಂದು ಬೋರ್ಡು ಬರೆಸಿದೆ: 'ಇಲ್ಲಿ ಟಿಪ್ಸ್ ತೆಗೆದುಕೊಳ್ಳುವುದಿಲ್ಲ. ಊಟ ಇಷ್ಟವಾದರೆ ಒಂದು ಒಳ್ಳೆಯ ಮಾತು ಸಾಕು.' ಬೆಳಿಗ್ಗೆ ಹನ್ನೊಂದಕ್ಕೆ ಗೋಡೆಗೆ ಹಾಕಿಸಿ, ದೂರ ನಿಂತು ನೋಡಿದೆ. ಚೆಂದ ಕಾಣುತ್ತಿತ್ತು.

ಶಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಬಂದು ಓದಿದಳು. ನಿಧಾನವಾಗಿ, ಒಂದೊಂದೇ ಅಕ್ಷರ.

"ಅಕ್ಕಾ, ಅಲ್ಲೆ ಯಾಕ ತಗೋಳಂಗಿಲ್ಲಂತ?"

"ಕೆಲಸಕ್ಕ ಪಗಾರ ಕೊಡ್ತಾರಲ್ಲ, ಮತ್ಯಾಕ ಅಂತಾರ. ಮರ್ಯಾದಿ ಅದು."

"ಪಗಾರ ಎಷ್ಟಂತ?"

ರೇಖಾ ಒಮ್ಮೆ ಹೇಳಿದ್ದು ನೆನಪಿತ್ತು. ಹೇಳಿದೆ. ಶಾವಂತ್ರೆವ್ವ ಕೈಯ ಹಿಟ್ಟು ಉದುರಿಸಿಕೊಂಡು ನನ್ನನ್ನೇ ನೋಡಿದಳು.

"ಹಂಗಾದ್ರ ನಮಗೂ ಜಪಾನಿನ ಪಗಾರ ಕೊಡು. ಅಷ್ಟ ಮರ್ಯಾದಿ ನಾವೂ ಇಟ್ಕೋತೀವಿ."

ಮಧ್ಯಾಹ್ನದ ಮೊದಲ ಗಿರಾಕಿ ಕೈ ತೊಳೆದು ಬರುವುದರೊಳಗೆ ನಾನೇ ಸ್ಟೂಲು ಹತ್ತಿ ಬೋರ್ಡು ಇಳಿಸಿದೆ.